ಪೊಟ್ಟಣ, ಕಾಟಾ ಚೀಟಿ, ಉತಾರ: ಬೇಡಕಿಹಾಳ ಸೀಮೆಯ ಓದಿನ ಕುರಿತು ಒಂದು ಶಾಸ್ತ್ರೀಯ ವಿವೇಚನೆ

ಓದಿನ ಮಹತ್ವವನ್ನು ಕುರಿತು ಕನ್ನಡದಲ್ಲಿ ಈಗಾಗಲೇ ಎಷ್ಟು ಬರೆದಿದ್ದಾರೆಂದರೆ, ಅದನ್ನೆಲ್ಲ ಓದಲು ಕುಳಿತವನಿಗೆ ಬೇರೇನನ್ನೂ ಓದಲು ಪುರಸೊತ್ತು ಸಿಗಲಾರದು. ಪ್ರತಿ ವರ್ಷ ಸೆಪ್ಟೆಂಬರ್ 8ರಂದು, ಅಂದರೆ ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದು, ಈ ರಾಶಿಗೆ ಇನ್ನೊಂದು ಪದರ ಸೇರುತ್ತದೆ. ಇಷ್ಟಾದರೂ ವಿದ್ವಲ್ಲೋಕದಲ್ಲಿ ಒಂದು ಘೋರ ಕೊರತೆ ಉಳಿದಿದೆ. ನಿಪ್ಪಾಣಿ ತಾಲ್ಲೂಕಿನ ಬೇಡಕಿಹಾಳದಲ್ಲಿ ಜನ ಏನು ಓದುತ್ತಾರೆ ಎಂಬುದನ್ನು ಯಾವ ಪಂಡಿತರೂ ಕೈಗೆತ್ತಿಕೊಂಡಿಲ್ಲ. ಆ ಕೊರತೆ ನೀಗಿಸಲು ಪ್ರಸ್ತುತ ಸಂಶೋಧಕನು ಟೊಂಕ ಕಟ್ಟಿದ್ದಾನೆ.

ಮೊದಲು ಪೂರ್ವಪಕ್ಷ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಈ ನಾಡಿನ ಜನ ಓದದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರು ಎಂದು ಷರಾ ಬರೆಯಿತು. ಆ ಒಂದು ಮಾತಿನಿಂದ ಕನ್ನಡಿಗರ ಓದಿಗೆ ಆಗಿರುವ ಹಾನಿ ಟಿವಿಯಿಂದಲೂ ಮೊಬೈಲಿನಿಂದಲೂ ಆಗಿಲ್ಲ. ಸಾವಿರದ ನೂರು ಚಿಲ್ಲರೆ ವರ್ಷಗಳಿಂದ ನಾವು ಆ ಸರ್ಟಿಫಿಕೇಟನ್ನು ಚೌಕಟ್ಟು ಹಾಕಿಸಿಕೊಂಡು ಕುಳಿತಿದ್ದೇವೆ. ಅದೇ ಗ್ರಂಥವು ಕನ್ನಡ ನಾಡು ಗೋದಾವರಿಯವರೆಗೆ ಎಂದೂ ಹೇಳುತ್ತದೆ. ಬೇಡಕಿಹಾಳದವರಿಗೆ ಗೋದಾವರಿ ಇನ್ನೂ ಬಹುದೂರ. ದೂಧಗಂಗೆ ದಾಟಿದರೆ ಇಚಲಕರಂಜಿ, ಅಷ್ಟೇ. ಹೀಗಾಗಿ ಈ ಊರು ಸದರಿ ಹೊಗಳಿಕೆಯ ವ್ಯಾಪ್ತಿಗೆ ನಿಸ್ಸಂದೇಹವಾಗಿ ಬರುತ್ತದೆ, ಇಲ್ಲಿ ಯಾರೂ ಓದುವ ಅಗತ್ಯವಿಲ್ಲ ಎಂಬುದು ಪೂರ್ವಪಕ್ಷದ ವಾದ. ಸಂಶೋಧಕನೂ ಇದನ್ನೇ ಸಾಬೀತುಪಡಿಸುವ ಸದುದ್ದೇಶದಿಂದ ಬಸ್ಸು ಹತ್ತಿದನು. ಊರಿನವರು ಸಹಕರಿಸಲಿಲ್ಲ.

ಸಾಕ್ಷರನೆಂದರೆ ಯಾರು? ಜನಗಣತಿಯ ಪ್ರಕಾರ 7 ವರ್ಷ ತುಂಬಿದ, ಯಾವುದಾದರೂ ಒಂದು ಭಾಷೆಯಲ್ಲಿ ತಿಳಿದು ಓದಲು ಮತ್ತು ಬರೆಯಲು ಬಲ್ಲ ಮನುಷ್ಯ. 2011ರಲ್ಲಿ ಕರ್ನಾಟಕದಲ್ಲಿ ಇಂಥವರು ನೂರಕ್ಕೆ 75.36. ಇಲ್ಲಿ ‘ತಿಳಿದು’ ಎಂಬ ಮಾತಿನ ಮೇಲೆ ಬೆರಳಿಡಬೇಕು. ಸಂಶೋಧಕನು ಆ ಮಾತನ್ನು ಕಟ್ಟುನಿಟ್ಟಾಗಿ ಅನ್ವಯಿಸಿ, ಎಂ.ಎ. ಮಾಡಿದ ಒಬ್ಬರ ಮುಂದೆ ಕರೆಂಟ್ ಬಿಲ್ಲು ಹಿಡಿದನು. ಅವರು ಎಲ್ಲ ಸಾಲುಗಳನ್ನೂ ಸ್ಪಷ್ಟ ಉಚ್ಚಾರಣೆಯಲ್ಲಿ ಓದಿದರು. ಅರ್ಥ ಕೇಳಿದಾಗ ಲೈನ್‌ಮನ್‌ನನ್ನು ಕರೆಯಲು ಹೇಳಿದರು. ಈ ದಾರಿಯಲ್ಲಿ ಮುಂದುವರಿದರೆ ಜಿಲ್ಲೆಯ ಸಾಕ್ಷರತೆ ಅಪಾಯಕಾರಿ ಮಟ್ಟಕ್ಕೆ ಇಳಿಯುವ ಸೂಚನೆ ಕಂಡದ್ದರಿಂದ, ಆ ಪ್ರಯೋಗವನ್ನು ಲೋಕಹಿತದ ದೃಷ್ಟಿಯಿಂದ ಅಲ್ಲಿಗೇ ನಿಲ್ಲಿಸಲಾಯಿತು.

ಇನ್ನು ವಿಧಾನ. ಮಗ್ಗುಲ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆದಿನಾಥ ನೇಮಿನಾಥ ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತ, ‘ಪ್ರವಚನಸಾರ’ದಂಥ ಪ್ರಾಕೃತ ಗ್ರಂಥಗಳನ್ನು ಹಸ್ತಪ್ರತಿಗಳಿಂದ ಶೋಧಿಸಿ ಲೋಕಕ್ಕೆ ಕೊಟ್ಟರು. 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಎರಡು ಪ್ರತಿ ಎದುರಿಟ್ಟು, ಒಂದರಲ್ಲಿ ಬಿಟ್ಟುಹೋದ ಅಕ್ಷರವನ್ನು ಇನ್ನೊಂದರಲ್ಲಿ ಹುಡುಕಿ, ಪಾಠಭೇದ ಗುರುತಿಸಿ, ಯಾವುದು ಮೂಲ, ಯಾವುದು ಲಿಪಿಕಾರನ ಕೈತಪ್ಪು ಎಂದು ನಿರ್ಣಯಿಸುವ ವಿದ್ಯೆ ಅದು. ಮಹನೀಯರು ತಾಳೆಗರಿಗೆ ಅನ್ವಯಿಸಿದ್ದನ್ನು ಸಂಶೋಧಕನು ಭಜಿ ಕಟ್ಟಿದ ಪೇಪರಿಗೆ ಅನ್ವಯಿಸಿದ್ದಾನೆ. ವಿದ್ಯೆ ಒಂದೇ, ಎಣ್ಣೆ ಮಾತ್ರ ಹೆಚ್ಚು.

ಬಸ್ ನಿಲ್ದಾಣದ ಬಳಿಯ ಗಾಡಿಯಲ್ಲಿ ಸಿಗುವ ಪೊಟ್ಟಣಗಳು ಎರಡು ಪರಂಪರೆಗೆ ಸೇರಿದವು. ಒಂದು ಕೊಲ್ಹಾಪುರದ ಕಡೆಯಿಂದ ಬರುವ ಮರಾಠಿ ಪತ್ರಿಕೆಗಳದ್ದು, ಇನ್ನೊಂದು ಬೆಳಗಾವಿ, ಹುಬ್ಬಳ್ಳಿ ಕಡೆಯ ಕನ್ನಡ ಪತ್ರಿಕೆಗಳದ್ದು. ಎರಡೂ ರದ್ದಿ ಅಂಗಡಿಯಲ್ಲಿ ಒಂದೇ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದಿರುತ್ತವೆ. ಗಡಿ ವಿವಾದಕ್ಕೆ ಸೌಹಾರ್ದ ಪರಿಹಾರ ಸಿಕ್ಕಿರುವುದು ಸದ್ಯಕ್ಕೆ ಈ ತಕ್ಕಡಿಯಲ್ಲಿ ಮಾತ್ರ. ಸಂಶೋಧಕನು ತಿಂದ ಒಂದು ಪ್ಲೇಟ್ ಮಿರ್ಚಿ ಭಜಿಯ ಕೆಳಗೆ ಮರಾಠಿ ರಾಶಿಭವಿಷ್ಯವಿತ್ತು: ವೃಶ್ಚಿಕಕ್ಕೆ ಧನಲಾಭ. ಪಕ್ಕದವರ ಪ್ಲೇಟಿನಲ್ಲಿ ಕನ್ನಡದ ರಾಶಿಭವಿಷ್ಯ, ಅದೇ ದಿನದ್ದು: ವೃಶ್ಚಿಕಕ್ಕೆ ಧನವ್ಯಯ. 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಈ ಸೀಮೆಯನ್ನು ಬಿಡಿಸಿ ಮೈಸೂರು ರಾಜ್ಯಕ್ಕೆ ಸೇರಿಸಿದಾಗ ಗ್ರಹಗಳಿಗೆ ಸರಿಯಾಗಿ ತಿಳಿಸಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ. ವೃಶ್ಚಿಕ ರಾಶಿಯ ಅಜ್ಜ ಎರಡನ್ನೂ ಓದಿ, ಎರಡು ಲಿಪಿಯನ್ನೂ ನಂಬದೆ, ಇನ್ನೊಂದು ಪ್ಲೇಟಿಗೆ ಹೇಳಿದ. ಅದರ ಕಾಗದದಲ್ಲಿ ಪಂದ್ಯದ ಸುದ್ದಿಯಿತ್ತು.

ಇಂಥ ಸಮೃದ್ಧ ಸಂಚಾರಿ ಗ್ರಂಥಾಲಯಕ್ಕೆ 2018ರ ಆಹಾರ ಪ್ಯಾಕೇಜಿಂಗ್ ನಿಯಮಗಳು ಕೊಡಲಿಪೆಟ್ಟು ಹಾಕಿವೆ. ಮಸಿಯಲ್ಲಿ ಸೀಸವೇ ಮೊದಲಾದ ವಿಷವಿರುವುದರಿಂದ ಪತ್ರಿಕೆಯಲ್ಲಿ ತಿಂಡಿ ಕಟ್ಟಕೂಡದೆಂದು ಸರ್ಕಾರ ವಿಧಿಸಿತು. ನಿಯಮ ಸರಿಯಾದದ್ದೇ, ಹೊಟ್ಟೆಯ ಮಟ್ಟಿಗೆ. ಆದರೆ ಸಾರ್ವಜನಿಕರು ದುಡ್ಡು ಕೊಟ್ಟು, ಬೆರಳು ಒರೆಸಿಕೊಳ್ಳುತ್ತ, ಕೊನೆಯ ಸಾಲಿನವರೆಗೂ ಓದುತ್ತಿದ್ದ ಏಕೈಕ ಸಾಹಿತ್ಯ ಪ್ರಕಾರವನ್ನು ಹೀಗೆ ನಿಷೇಧಿಸುವ ಮುನ್ನ ಗ್ರಂಥಾಲಯ ಇಲಾಖೆಯ ಅಭಿಪ್ರಾಯ ಕೇಳಬಹುದಿತ್ತು. ಅದೃಷ್ಟಕ್ಕೆ ಗಾಡಿಯವನು ಆ ನಿಯಮವನ್ನು ಇನ್ನೂ ಓದಿಲ್ಲ.

ಈಗ ಪ್ರಬಂಧದ ಮುಖ್ಯ ಭಾಗ: ಕಾಟಾ ಚೀಟಿ. ಈ ಸೀಮೆ ಕಬ್ಬಿನ ಸೀಮೆ. ಹಂಗಾಮಿನಲ್ಲಿ ಕಾರ್ಖಾನೆಗಳ ಮುಂದೆ ಟ್ರ್ಯಾಕ್ಟರುಗಳ ಸಾಲು ಹತ್ತಿರುತ್ತದೆ. ತುಂಬಿದ ಟ್ರಾಲಿ ಒಮ್ಮೆ, ಖಾಲಿ ಟ್ರಾಲಿ ಒಮ್ಮೆ ತೂಕದ ಕಾಟಾ ಹತ್ತಿ ಇಳಿದ ಮೇಲೆ ಒಂದು ಚೀಟಿ ಬರುತ್ತದೆ. ರಾತ್ರಿ ಹನ್ನೊಂದರ ಹೊತ್ತಿಗೆ, ಕಬ್ಬಿನ ರವದಿ ಅಂಟಿದ ಅಂಗಿಯಲ್ಲಿ, ಒಬ್ಬ ರೈತ ಆ ಚೀಟಿಯನ್ನು ಕಂಬದ ದೀಪಕ್ಕೆ ಹಿಡಿದು, ಹಿಂದೆ ಸರಿಸಿ, ಮುಂದೆ ತಂದು, ಚಸಮಾ ಮನೆಯಲ್ಲಿ ಬಿಟ್ಟು ಬಂದದ್ದಕ್ಕೆ ತನ್ನನ್ನೇ ಬೈದುಕೊಂಡ. ಮಗ ಮೊಬೈಲಿನಲ್ಲಿ ಫೋಟೊ ತೆಗೆದು ಎರಡು ಬೆರಳಿನಿಂದ ಅಂಕಿಯನ್ನು ಹಿಗ್ಗಿಸಿದ.

“ತಮ್ಮಾ, ಇದು ಮೂರೈತೋ ಎಂಟೈತೋ?”

“ಮೂರ ಕಾಣಸ್ತೈತಿ.”

“ಕಾಣಸೂದ ಬ್ಯಾಡ. ಐತೋ ಇಲ್ಲೋ ಹೇಳ.”

ಗ್ರಂಥಸಂಪಾದನೆಯ ಸಾರವನ್ನೆಲ್ಲ ಇಷ್ಟು ಚುಟುಕಾಗಿ ಯಾವ ವಿಶ್ವವಿದ್ಯಾಲಯವೂ ಹೇಳಿಕೊಟ್ಟಿಲ್ಲ. ಖಾಲಿ ಟ್ರಾಲಿಯ ತೂಕದಲ್ಲಿ ಟನ್ನಿನ ಮುಂದಿನ ದಶಮಾಂಶ ಮೂರರ ಬದಲು ಎಂಟಾದರೆ ಅರ್ಧ ಟನ್ ಕಬ್ಬು ಲೆಕ್ಕದಿಂದ ಮಾಯ. 2024-25ರ ಹಂಗಾಮಿಗೆ ಕೇಂದ್ರ ಗೊತ್ತುಮಾಡಿದ ದರ ಟನ್ನಿಗೆ 3400 ರೂಪಾಯಿ; ಆ ಲೆಕ್ಕದಲ್ಲಿ ಈ ಒಂದು ಪಾಠಭೇದದ ಬೆಲೆ 1700 ರೂಪಾಯಿ. ಪಂಪಭಾರತದ ಪಾಠಭೇದಗಳ ಬಗ್ಗೆ ಜಗಳವಾಡುವ ವಿದ್ವಾಂಸರು, ಪ್ರತಿ ತಪ್ಪಿಗೆ ತಮ್ಮ ಸಂಬಳದಿಂದ ಇಷ್ಟು ಕಡಿತವಾದರೆ ಎಷ್ಟು ಎಚ್ಚರದಿಂದ ಓದಿಯಾರು ಎಂದು ಯೋಚಿಸಬೇಕು. ಆ ದರವೂ ಬರೀ ದರವಲ್ಲ, ನೂರಕ್ಕೆ 10.25 ಸಕ್ಕರೆ ರಿಕವರಿಗೆ ಕಟ್ಟಿದ್ದು. ನಾಲ್ಕನೇತ್ತೆಯಲ್ಲಿ ಶಾಲೆ ಬಿಟ್ಟವರು ಚಹಾದಂಗಡಿಯಲ್ಲಿ ಕುಳಿತು ದಶಮಾಂಶದ ಎರಡನೇ ಸ್ಥಾನದ ಬಗ್ಗೆ ವಾದಿಸುವುದನ್ನು ಸಂಶೋಧಕನು ಕಿವಿಯಾರೆ ಕೇಳಿದ್ದಾನೆ. ಶಾಲೆಯಲ್ಲಿ ಇದೇ ದಶಮಾಂಶ ಅವರನ್ನು ಓಡಿಸಿತ್ತು.

ಕಬ್ಬಿನ ಸಾಹಿತ್ಯದಲ್ಲಿ ಇನ್ನೊಂದು ಪ್ರಸಿದ್ಧ ಪಾಠಭೇದವಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಮೂಲ ಪಾಠದಲ್ಲಿ, ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡತಕ್ಕದ್ದು, ತಪ್ಪಿದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸತಕ್ಕದ್ದು ಎಂದಿದೆ. ಬಾಯಿಂದ ಬಾಯಿಗೆ ಹರಿದುಬಂದ ಪಾಠದಲ್ಲಿ ‘14 ದಿನ’ ಇರುವಲ್ಲಿ ‘ನೋಡೂಣು’ ಎಂದಿದೆ. ಬಡ್ಡಿಯ ಶ್ಲೋಕ ಅನೇಕ ಪ್ರತಿಗಳಲ್ಲಿ ತ್ರುಟಿತ. ರೈತರು ಮೂಲ ಪಾಠವನ್ನು ಹಿಡಿದು ರಸ್ತೆಗಿಳಿದಾಗೆಲ್ಲ ಟೀಕಾಕಾರರು ಬೆಂಗಳೂರಿನಿಂದ ಬರಬೇಕಾಗುತ್ತದೆ.

1966 ಎಂಬ ಇಸವಿಯ ಬಳಿ ಓದುಗರು ಒಂದು ಕ್ಷಣ ನಿಲ್ಲಬೇಕು; ಸಂಶೋಧಕನ ಮೌಲಿಕ ಕೊಡುಗೆ ಇರುವುದೇ ಇಲ್ಲಿ. ಕಬ್ಬಿನ ಆದೇಶ 1966ರದ್ದು. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯೂ 1966ರದ್ದು. ಯುನೆಸ್ಕೊ ಸಾಕ್ಷರತಾ ದಿನವನ್ನು ಘೋಷಿಸಿದ್ದು 1966ರ ಅಕ್ಟೋಬರಿನಲ್ಲಿ. ಗಡಿ ಬಗೆಹರಿಸಲು ಮಹಾಜನ ಆಯೋಗವನ್ನು ನೇಮಿಸಿದ್ದೂ ಅದೇ 1966ರ ಅದೇ ಅಕ್ಟೋಬರಿನಲ್ಲಿ! ಕಬ್ಬು, ಬೀಡಿ, ಅಕ್ಷರ, ಗಡಿ. ಈ ಸೀಮೆಯ ಬದುಕಿನ ನಾಲ್ಕೂ ಕಂಬಗಳು ಒಂದೇ ಸಂವತ್ಸರದಲ್ಲಿ ನಿಂತವು. ಇದನ್ನು ‘ಪರಾಭವ ಸಂವತ್ಸರದ ಚತುಃಸ್ತಂಭ ಸಿದ್ಧಾಂತ’ ಎಂದು ಕರೆಯಲಾಗಿದೆ. ಮೈಸೂರು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾತ್ರ 1965ರಲ್ಲೇ ಬಂದು, ಅವಸರದಿಂದ ಈ ಯೋಗವನ್ನು ತಪ್ಪಿಸಿಕೊಂಡಿತು. ಗ್ರಂಥಾಲಯಗಳ ಈಗಿನ ಸ್ಥಿತಿಗೆ ಬೇರೆ ಕಾರಣ ಹುಡುಕುವುದು ವ್ಯರ್ಥ. ಅನುದಾನದ ಕೊರತೆ ಎನ್ನುವವರು ಪಂಚಾಂಗ ನೋಡಿಲ್ಲ.

ಮಹಾಜನ ವರದಿ ಬಂದದ್ದು 1967ರಲ್ಲಿ. ಜಿಲ್ಲೆಯಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಗ್ರಂಥ ಇದೇ. ಒಬ್ಬರು ಅದನ್ನು ಅಂತಿಮ ಎನ್ನುತ್ತಾರೆ, ಇನ್ನೊಬ್ಬರು ಅನ್ಯಾಯ ಎನ್ನುತ್ತಾರೆ. ಅದರಲ್ಲಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಕೊಡಲು ಶಿಫಾರಸು ಇದೆಯೆಂದು ಹೇಳಿದಾಗ ‘ಅಂತಿಮ’ ಎಂದವರೂ ಒಮ್ಮೆ ಕೆಮ್ಮಿದರು. ವರದಿಯನ್ನು ಓದಿದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದಾಗ ಎರಡೂ ಕಡೆಯವರು ಅಪರೂಪದ ಒಮ್ಮತದಿಂದ ಮತ್ತೊಬ್ಬರ ಕಡೆ ಬೊಟ್ಟು ಮಾಡಿದರು. ಭಾವನೆ ಇರುವಲ್ಲಿ ಜನ ಓದುವುದಿಲ್ಲ. ದುಡ್ಡು ಇರುವಲ್ಲಿ ಓದದೆ ಬಿಡುವುದಿಲ್ಲ.

ನಿಪ್ಪಾಣಿಯ ಬೀಡಿಯ ವಿಷಯಕ್ಕೆ ಬಂದಾಗ ಸಂಶೋಧಕನ ವಿನೋದಬುದ್ಧಿ ಸ್ವಲ್ಪ ಕೈಕೊಟ್ಟಿತು ಎಂಬುದನ್ನು ದಾಖಲಿಸಲೇಬೇಕು. ಮೊರ ತೊಡೆಯ ಮೇಲಿಟ್ಟುಕೊಂಡು ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ ಸಾವಿರ ಎಣಿಸಿ ಒಯ್ದ ಹೆಂಗಸಿನ ಮುಂದೆ, ಕಾರ್ಖಾನೆಯ ಕಡೆಯವನು ಒಂದಷ್ಟು ಬೀಡಿಯನ್ನು ‘ಛಾಟ’ ಎಂದು ಪಕ್ಕಕ್ಕೆ ಸರಿಸುತ್ತಾನೆ. ಛಾಟದ ಬೀಡಿಗೆ ಕೂಲಿಯಿಲ್ಲ. ಪುಸ್ತಕದಲ್ಲಿ ಎಷ್ಟು ಬರೆದ ಎಂಬುದು ಓದು ಬಂದವಳಿಗೆ ಗೊತ್ತು, ಬಾರದವಳಿಗೆ ಅವನು ಹೇಳಿದಷ್ಟು. ಒಬ್ಬಾಕೆ ತನ್ನ ಐದನೇ ಇಯತ್ತೆಯ ಮಗಳನ್ನು ಸಂಗಡ ಕರೆದೊಯ್ಯುತ್ತಿದ್ದಳು. ಮಗಳು ಏನೂ ಮಾತಾಡುವುದಿಲ್ಲ, ಸುಮ್ಮನೆ ಪುಸ್ತಕದ ಮೇಲೆ ಬಗ್ಗಿ ನಿಲ್ಲುತ್ತಾಳೆ. “ಅಕಿ ಬಗ್ಗಿ ನಿಂತ ದಿನ ಛಾಟ ಕಡಿಮಿ ಬರ್ತಾವ್ರಿ” ಎಂದಳು ತಾಯಿ. ಶಾಲೆ ತಪ್ಪಿಸಿ ಓದುವ ಕೆಲಸಕ್ಕೆ ಬಂದ ಆ ಹುಡುಗಿಯನ್ನು ಹಾಜರಿ ಪಟ್ಟಿಯಲ್ಲಿ ಗೈರು ಎಂದು ತೋರಿಸಲಾಗಿದೆ.

ಉತಾರದ ಓದು ಮತ್ತೊಂದು ಘರಾಣೆ. ಪಹಣಿ ಎಂದು ಸರ್ಕಾರ ಕರೆಯುವುದನ್ನು ಈ ಕಡೆ ಉತಾರ ಎನ್ನುತ್ತಾರೆ. ಅದರ 9ನೇ ಕಲಂನಲ್ಲಿ ಮಾಲೀಕನ ಹೆಸರು, 11ರಲ್ಲಿ ಸಾಲದ ಬೋಜಾ. ಕನ್ಯೆ ನೋಡಲು ಬಂದವರ ಕಡೆಯ ಉತಾರವನ್ನು ಕನ್ಯೆಯ ಕಡೆಯ ಹಿರಿಯರು ಮೊದಲು 11ರಿಂದ ಓದಲು ಶುರುಮಾಡುತ್ತಾರೆ; ಅಲ್ಲಿ ಸೊಸೈಟಿ ಬೋಜಾ ತುಂಬಿದ್ದರೆ 9ನೇ ಕಲಂವರೆಗೆ ಹೋಗುವ ಪ್ರಮೇಯವೇ ಬರುವುದಿಲ್ಲ, ಜಾತಕವೂ ಹೊಂದುವುದಿಲ್ಲ. ಇನ್ನು ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಯ ಕೆಳಗೆ, ಮುತ್ತಜ್ಜನ ಕಾಲದ ಮೋಡಿ ಲಿಪಿಯ ಕಾಗದವೊಂದು ಇರುತ್ತದೆ. ಮನೆಯಲ್ಲಿ ಯಾರಿಗೂ ಅದನ್ನು ಓದಲು ಬರುವುದಿಲ್ಲ. ಅಣ್ಣನ ಪ್ರಕಾರ ಬಾವಿಯ ಬದಿಯ ಹೊಲ ಅಣ್ಣನದೆಂದು ಅದರಲ್ಲಿ ಬರೆದಿದೆ. ತಮ್ಮನ ಪ್ರಕಾರ ತಮ್ಮನದು. ಮೋಡಿ ಬಲ್ಲವರನ್ನು ಕರೆಸೋಣವೆಂದರೆ ಇಬ್ಬರೂ ಒಪ್ಪುವುದಿಲ್ಲ. ಓದಿಸಿದರೆ ಒಬ್ಬ ಸೋಲಬೇಕಾಗುತ್ತದಲ್ಲ!

ಬಸ್ಸಿನ ಕಂಡಕ್ಟರನನ್ನು ಕುರಿತು ಎರಡೇ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ರಾಜ್ಯದ ಹೆಂಗಸರಿಗೆ ಟಿಕೆಟ್ ಸೊನ್ನೆಯಾಯಿತು. ಅಂದಿನಿಂದ ಆಧಾರ್ ಕಾರ್ಡಿನ ಹಿಂಬದಿಯ ವಿಳಾಸವೆಂಬ ಗದ್ಯಕ್ಕೆ ಓದುಗರು ಹುಟ್ಟಿಕೊಂಡರು. ಗಡಿಯ ಆಚೆ ಕೊಟ್ಟ ಮಗಳು ತವರಿಗೆ ಬಂದರೆ ತಾಯಿಗೆ ಸೊನ್ನೆ, ಮಗಳಿಗೆ ಪೂರ್ತಿ ದುಡ್ಡು. ಕಂಡಕ್ಟರ್ ಓಡುವ ಬಸ್ಸಿನಲ್ಲಿ, ಮಬ್ಬು ದೀಪದಲ್ಲಿ, ಒಂದು ಪಿನ್‌ಕೋಡನ್ನೂ ಬಿಡದೆ ಓದುತ್ತಾನೆ.

ಅರಿವು ಕೇಂದ್ರಗಳೆಂದು ಹೊಸ ಹೆಸರು ಪಡೆದಿರುವ ಪಂಚಾಯಿತಿ ಗ್ರಂಥಾಲಯಗಳ ಕುರಿತು ಪ್ರತ್ಯೇಕ ಅಧ್ಯಾಯ ಬರೆಯುವ ಯೋಚನೆಯಿತ್ತು. ಶೇಡಬಾಳದ ಮಿರ್ಜಿ ಅಣ್ಣಾರಾಯರು ಶಾಲಾ ಮಾಸ್ತರರಾಗಿ ಇದೇ ಸೀಮೆಯ ಬದುಕನ್ನು ‘ನಿಸರ್ಗ’ ಕಾದಂಬರಿಗೆ ತಂದವರು. ಆ ಪುಸ್ತಕ ಎಷ್ಟು ಕಪಾಟುಗಳಲ್ಲಿದೆ, ಎಷ್ಟು ಕಪಾಟುಗಳ ಕೀಲಿ ಯಾರ ಬಳಿ ಇದೆ ಎಂಬುದು ಮುಂದಿನ ಅನುದಾನದ ವಿಷಯ.

ಅನುದಾನ ಎಂದಾಗ ನೆನಪಾಯಿತು. ಈ ಪ್ರಬಂಧವನ್ನು ಅನುದಾನ ಸಮಿತಿಯ ಮೂವರು ಪರೀಕ್ಷಕರು ‘ಮೌಲಿಕ’, ‘ವಿಚಾರಪ್ರಚೋದಕ’, ‘ಪ್ರಕಟಣಾರ್ಹ’ ಎಂದು ಪ್ರಶಂಸಿಸಿದ್ದಾರೆ. ಮೂವರೂ ಅದನ್ನು ತೆರೆದಿರಲಿಲ್ಲ, ಪ್ರತಿಗಳ ಪಿನ್ನು ಹಾಗೇ ಇತ್ತು. ಮೊದಲಿನಿಂದ ಕೊನೆಯವರೆಗೆ, ಬೆರಳಿಟ್ಟು, ಪೆನ್ಸಿಲ್ ಹಿಡಿದು ಓದಿದವರು ಖರ್ಚಿನ ಬಿಲ್ ಪಾಸು ಮಾಡುವ ಗುಮಾಸ್ತರೊಬ್ಬರೇ. ರಾಶಿಭವಿಷ್ಯದ ಭಾಗದಲ್ಲಿ ಸಂಶೋಧಕನು ಒಂದು ಪ್ಲೇಟ್ ಭಜಿ ತಿಂದದ್ದಾಗಿ ಬರೆದು, ಬಿಲ್ಲಿನಲ್ಲಿ ಎರಡು ಪ್ಲೇಟ್ ತೋರಿಸಿದ್ದನ್ನು ಅವರು ಹಿಡಿದರು. ಎರಡನೆಯದು ವೃಶ್ಚಿಕ ರಾಶಿಯ ಅಜ್ಜನದು, ಅದು ಸಂದರ್ಶನದ ಗೌರವಧನ ಎಂದು ವಿವರಣೆ ಬರೆದು, ರಸೀದಿಯ ಬದಲು ಪೊಟ್ಟಣದ ಕಾಗದವನ್ನೇ ಲಗತ್ತಿಸಿ ಕಳಿಸಲಾಯಿತು. ಅದು ಕೆಂಪು ಮಸಿಯ ಷರಾ ಹೊತ್ತು ಮರಳಿದೆ: ‘ಲಗತ್ತು 3 ಎಣ್ಣೆಯಾಗಿ ಓದಲು ಬರುತ್ತಿಲ್ಲ. ಸ್ವಚ್ಛ ಪ್ರತಿ ಸಲ್ಲಿಸುವುದು.’