ಲಿಫ್ಟಿಗೆ ಹಿಡಿಸದ ಕುಂಬಳಕಾಯಿ

ವೈಟ್‌ಫೀಲ್ಡಿನಲ್ಲಿ ಬಾಲ್ಕನಿಯಲ್ಲಿ ಟೊಮೇಟೊ ಬೆಳೆದೆ ಅಂದರೆ ಈಗ ಯಾರೂ ತಿರುಗಿ ನೋಡುವುದಿಲ್ಲ. ಪುದೀನ, ಕರಿಬೇವು ಬಾಡಿಗೆಮನೆಯವರೂ ಬೆಳೆಯುತ್ತಾರೆ. ಸ್ವಂತ ಫ್ಲ್ಯಾಟು, ಇಪ್ಪತ್ತು ವರ್ಷದ ಇಎಂಐ, ಹೆಸರಿನ ಮುಂದೆ ‘ಡೈರೆಕ್ಟರ್’ ಎಂಬ ಬಾಲ, ಇಷ್ಟೆಲ್ಲ ಇದ್ದವರಿಗೆ ಪುದೀನ ಸಾಲುತ್ತದೆಯೇ? ನಮ್ಮ ಏಳನೇ ಮಹಡಿಯ ಸಾಹೇಬರು ನೇರ ದೈತ್ಯ ಕುಂಬಳಕ್ಕೇ ಕೈ ಹಾಕಿದರು. ಅದಕ್ಕೆ ಮೊದಲು ಅವರು ಬೆಳೆಸಿದ್ದು ಗಡ್ಡ ಮಾತ್ರ.

ಬೀಜ ಆನ್‌ಲೈನಿನಲ್ಲಿ ಬಂತು. ಹೆಸರು ‘ಡಿಲ್ಸ್ ಅಟ್ಲಾಂಟಿಕ್ ಜೈಂಟ್’. ಕೆನಡಾದ ನೋವಾ ಸ್ಕೋಷಿಯಾದ ವಿಂಡ್ಸರ್ ಎಂಬಲ್ಲಿ ಹೊವಾರ್ಡ್ ಡಿಲ್ ಅನ್ನುವ ರೈತ ವರ್ಷಗಟ್ಟಲೆ ಆಯ್ದು ಆಯ್ದು ಕೂಡಿಸಿದ ತಳಿ. ಜಗತ್ತಿನಲ್ಲಿ ತಕ್ಕಡಿ ಮುರಿಯುವ ಕುಂಬಳಗಳೆಲ್ಲ ಬಹುಮಟ್ಟಿಗೆ ಇದರದೇ ಸಂತಾನ. 2023ರಲ್ಲಿ ಅಮೆರಿಕದ ಮಿನ್ನೆಸೋಟದ ತೋಟಗಾರಿಕೆ ಮೇಷ್ಟ್ರೊಬ್ಬರು 1,247 ಕಿಲೋದ ಕಾಯಿ ತೂಗಿಸಿದರು. ಅದಕ್ಕೊಂದು ಹೆಸರೂ ಇಟ್ಟಿದ್ದರು, ಮೈಕೆಲ್ ಜೋರ್ಡನ್ ಅಂತ. 2025ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಪೇಟನ್ ಅವಳಿ ಸಹೋದರರು 1,278 ಕಿಲೋ ತೂಗಿಸಿ ಆ ದಾಖಲೆಯನ್ನೂ ಅಳಿಸಿದರು.

‘ಅವರು ಸಾವಿರದ ಇನ್ನೂರು ಮಾಡಿದಾರೆ ಸಾರ್, ನಾವೊಂದು ಇನ್ನೂರು ಮಾಡಕ್ಕಾಗಲ್ವಾ?’ ಅಂತ ಸಾಹೇಬರು ಲಿಫ್ಟಿನಲ್ಲಿ ಕೇಳಿದರು. ನಾನು ಮಾತಾಡದೆ ಲಿಫ್ಟಿನ ಗೋಡೆಯ ಫಲಕ ತೋರಿಸಿದೆ: 13 ಜನ, 884 ಕಿಲೋ. ಇನ್ನೂರೇನೋ ಇಳಿದೀತು, ಮೈಕೆಲ್ ಜೋರ್ಡನ್ ಕೆಳಗಿಳಿಯುವುದು ಹೇಗೆ? ‘ಅದು ಫೇಸ್ ಟೂ’ ಅಂದರು.

ಇನ್ನೂರರ ಗುರಿಯನ್ನು ಸಣ್ಣದೆಂದು ನಗಬೇಡಿ. 1904ರ ಸೇಂಟ್ ಲೂಯಿಸ್ ವಿಶ್ವ ಪ್ರದರ್ಶನಕ್ಕೆ ಕೆನಡಾದ ವಿಲಿಯಂ ವಾರ್ನಾಕ್ ತಂದ ಕಾಯಿ 403 ಪೌಂಡು, ಅಂದರೆ 183 ಕಿಲೋ ಇತ್ತು. ಅದನ್ನು ಮೀರಿಸಲು 1976ರವರೆಗೆ ಯಾರಿಗೂ ಆಗಲಿಲ್ಲ. ಎಪ್ಪತ್ತೆರಡು ವರ್ಷ ಒಂದು ಕಿಲೋ ಹೈಕ್ ಇಲ್ಲ! ನಮ್ಮ ಸಾಹೇಬರಾಗಿದ್ದರೆ ಮೂರನೇ ವರ್ಷಕ್ಕೇ ಕಂಪನಿ ಬದಲಾಯಿಸುತ್ತಿದ್ದರು.

ಹಾಗೆ ನೋಡಿದರೆ ಹೊಸಬರ ಬೇಸಾಯ ಈ ಊರಿಗೆ ಹೊಸದೇನಲ್ಲ. ವೈಟ್‌ಫೀಲ್ಡ್ ಹುಟ್ಟಿದ್ದೇ ಅದಕ್ಕೆ. ಆಂಗ್ಲೋ ಇಂಡಿಯನ್ ಕುಟುಂಬಗಳು ಹೊಲ ಗದ್ದೆ ಮಾಡಿಕೊಂಡು ಬದುಕಲಿ ಅಂತ 1882ರಲ್ಲಿ ಚಾಮರಾಜೇಂದ್ರ ಒಡೆಯರು ಡಿ.ಎಸ್. ವೈಟ್ ಅವರ ಸಂಘಕ್ಕೆ 3,900 ಎಕರೆ ಕೊಟ್ಟರು. ಆ 3,900 ಎಕರೆಯಲ್ಲಿ ನಮ್ಮ ಸಾಹೇಬರ ಪಾಲಿಗೆ ಉಳಿದಿರುವುದು ಬಟ್ಟೆ ಒಣಗಿಸುವ ಜಾಗ. ದೈತ್ಯ ಕುಂಬಳದ ಪಳಗಿದ ಬೆಳೆಗಾರರು ಒಂದೊಂದು ಬಳ್ಳಿಗೆ ಸಾವಿರ ಚದರಡಿ ಹತ್ತಿರ ಬಿಡುತ್ತಾರಂತೆ. ಸಾವಿರ ಚದರಡಿ ಅಂದರೆ ಇಲ್ಲಿ ಟು ಬಿಎಚ್‌ಕೆ. ಆ ಬಳ್ಳಿಯಲ್ಲಿ ಒಂದೇ ಕಾಯಿ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಕಿತ್ತೆಸೆಯುತ್ತಾರೆ. ಕಾಯಿ ಬಲಿಯುವ ಕಾಲದಲ್ಲಿ ದಿನಕ್ಕೆ ನೂರಾರು ಲೀಟರ್ ನೀರು. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂದದ್ದು ನೆನಪಿದೆಯಲ್ಲ? ಸಾಹೇಬರಿಗೂ ನೆನಪಿತ್ತು. ಕೊಳಚೆ ಸಂಸ್ಕರಿಸಿದ ಎಸ್‌ಟಿಪಿ ನೀರನ್ನು ಬಕೆಟ್ಟಿನಲ್ಲಿ ಹೊತ್ತರು. ಏಳನೇ ಮಹಡಿಗೆ ಒಂದು ವಿಶಿಷ್ಟ ಪರಿಮಳ ಬಂತು.

ಇನ್ನು ಬಿಸಿಲು. ಅಮೆರಿಕ, ಇಂಗ್ಲೆಂಡ್ ಕಡೆಯ ಬೇಸಿಗೆಯಲ್ಲಿ ಹದಿನೈದು ಹದಿನಾರು ಗಂಟೆ ಹಗಲಿರುತ್ತದೆ, ಎಲೆ ಅಷ್ಟು ಹೊತ್ತೂ ದುಡಿಯುತ್ತದೆ. ನಮ್ಮ ಬೆಂಗಳೂರಿನಲ್ಲಿ ಅತಿ ಉದ್ದದ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಇಲ್ಲಿ ಹಗಲು ಮೀರಿ ದುಡಿಯುವವರು ಟೆಕ್ ಪಾರ್ಕಿನವರಷ್ಟೇ.

ಹೂ ಬಿಟ್ಟಿತು. ಬಿಟ್ಟದ್ದು ಬಿಟ್ಟಂತೆ ಉದುರತೊಡಗಿತು. ‘ಭಯಂಕರ ಆಟ್ರಿಷನ್ ಸಾರ್’ ಅಂತ ಸಾಹೇಬರು ತಲೆ ಮೇಲೆ ಕೈ ಹೊತ್ತರು. ಮಗನ ಪಾಡು ನೋಡಲು ತುರುವೇಕೆರೆ ಕಡೆಯಿಂದ ಬಂದಿದ್ದ ಅವರ ತಾಯಿ ನಕ್ಕರು. ‘ಲೋ, ಇವೆಲ್ಲ ಗಂಡು ಹೂವು ಕಣೋ. ಮೊದಲು ಇವೇ ಬರೋದು, ಬಂದು ಉದುರೋದು. ಹೆಣ್ಣು ಹೂವಿಗೆ ಬುಡದಲ್ಲಿ ಪುಟ್ಟ ಕಾಯಿ ಇರ್ತದೆ, ನೋಡ್ತಾ ಇರು’ ಅಂದು, ಉಳಿದ ಗಂಡು ಹೂಗಳಲ್ಲಿ ಕೆಲವನ್ನು ಕಿತ್ತು ಬಜ್ಜಿ ಕರಿದರು. ನಮ್ಮ ಮನೆಗೂ ನಾಲ್ಕು ಬಂದವು. ಇಡೀ ಪ್ರಾಜೆಕ್ಟಿನಲ್ಲಿ ಹೊತ್ತಿಗೆ ಸರಿಯಾಗಿ ಡೆಲಿವರಿ ಆದದ್ದು ಅದೊಂದೇ.

ಹೆಣ್ಣು ಹೂವೂ ಬಂತು. ಆದರೆ ಕುಂಬಳದ ಹೂ ಅರಳುವುದು ನಸುಕಿನಲ್ಲಿ, ಬಿಸಿಲೇರುತ್ತಲೇ ಮುದುಡುತ್ತದೆ. ಅಷ್ಟರೊಳಗೆ ಜೇನ್ನೊಣ ಬರಬೇಕು, ಇಲ್ಲ ಗಂಡು ಹೂವಿನ ಎಸಳು ಕಿತ್ತು ನಾವೇ ಪರಾಗ ಸವರಬೇಕು. ಏಳನೇ ಮಹಡಿಗೆ ಜೇನು ಹತ್ತಿ ಬರಲಿಲ್ಲ. ಸಾಹೇಬರ ಅಮೆರಿಕದ ಕಾಲ್ ಮುಗಿಯುವುದು ರಾತ್ರಿ ಒಂದಕ್ಕೆ, ಅವರು ಅರಳುವುದು ಒಂಬತ್ತಕ್ಕೆ. ಕೊನೆಗೆ ಆ ಮದುವೆ ಮಾಡಿಸಿದ್ದೂ ತಾಯಿಯೇ. ‘ಇದಕ್ಕಾದ್ರೂ ಜಾತಕ ಕೇಳಲಿಲ್ಲ’ ಅಂತ ಮಗನತ್ತ ಒಂದು ಬಾಣ ಬಿಟ್ಟರಂತೆ.

ತಮಾಷೆ ಏನೆಂದರೆ, ಪೀಣ್ಯ ದಾಟಿ ತುಮಕೂರು ರಸ್ತೆಯಿಂದ ಬಲಕ್ಕೆ ತಿರುಗಿದರೆ ಸಿಗುವ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದೇ ಜಾತಿಯ ಕುಂಬಳದಲ್ಲಿ ಅರ್ಕಾ ಸೂರ್ಯಮುಖಿ ಅಂತ ಒಂದು ತಳಿ ಮಾಡಿದ್ದಾರೆ. ತೂಕ ಸುಮಾರು ಒಂದು ಕಿಲೋ. ಹಣ್ಣುನೊಣವನ್ನೂ ತಡೆದುಕೊಳ್ಳುತ್ತದೆ. ಗಂಡ, ಹೆಂಡತಿ, ಒಂದು ಮಗು, ಒಂದು ಹೊತ್ತಿನ ಹುಳಿಗೆ ಸರಿಹೋಯಿತು. ನಮ್ಮ ಅಂಗಡಿಗಳಲ್ಲಿ ಇಡೀ ಕುಂಬಳ ಕೊಳ್ಳುವವರೇ ಇಲ್ಲ. ಹೋಳು ಮಾಡಿ ಪ್ಲಾಸ್ಟಿಕ್ ಸುತ್ತಿ ಮಾರುತ್ತಾರೆ. ಇಂಥ ಊರಲ್ಲಿ ಟನ್ನುಗಟ್ಟಲೆ ಕುಂಬಳ ಬೆಳೆದು ಯಾರ ಬಾಯಿಗೆ ಹಾಕುವುದು? ಆ ದೈತ್ಯನಿಗೆ ರುಚಿಯೂ ಅಷ್ಟಕ್ಕಷ್ಟೆ, ಬರೀ ನೀರು.

ಗಾದೆಗೂ ಸಂಚಕಾರ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. 1,278 ಕಿಲೋ ಕದ್ದವನು ಯಾವ ಹೆಗಲು ಮುಟ್ಟಿಕೊಳ್ಳಬೇಕು? ಪೀಣ್ಯದಿಂದ ಫೋರ್ಕ್‌ಲಿಫ್ಟ್ ತರಿಸಿ ಅದರ ಹಲ್ಲು ಮುಟ್ಟಿ ನೋಡಬೇಕಷ್ಟೆ. ಆಯುಧಪೂಜೆಗೆ ಒಡೆಯೋಣ ಅಂದರೆ ಅದಕ್ಕೆ ಬೇಕಾದದ್ದು ಬೂದುಗುಂಬಳ. ಪೀಣ್ಯದ ಲೇತ್ ಮೆಷಿನ್ನಿಗೂ ಎಲೆಕ್ಟ್ರಾನಿಕ್ ಸಿಟಿಯ ಸರ್ವರಿಗೂ ದೃಷ್ಟಿ ತೆಗೆಯುವುದು ಅದೇ. ಒಳಗೆ ಕುಂಕುಮ, ಚಿಲ್ಲರೆ ಕಾಸು ತುಂಬಿ ರಸ್ತೆಗೆ ಅಪ್ಪಳಿಸಿದರೆ ಆ ಸಂಜೆ ಸ್ಕೂಟರಿನವರಿಗೆಲ್ಲ ಸಾಷ್ಟಾಂಗ. ಹತ್ತು ಕಿಲೋದ ಕಾಯಿಯೇ ಇಷ್ಟು ಜನರನ್ನು ಬೀಳಿಸುವಾಗ ಮೈಕೆಲ್ ಜೋರ್ಡನನ್ನು ಒಡೆದರೆ ಹೊರವರ್ತುಲ ರಸ್ತೆ ಎರಡು ದಿನ ಬಂದ್. ಆದರೂ ಟ್ರಾಫಿಕ್ಕಿನಲ್ಲಿ ವ್ಯತ್ಯಾಸ ಯಾರಿಗೂ ಗೊತ್ತಾಗಲಿಕ್ಕಿಲ್ಲ, ಆ ಮಾತು ಬೇರೆ.

ಕಡೆಗೆ ಸಾಹೇಬರ ಬಳ್ಳಿ ಕೊಟ್ಟದ್ದು ನಾಲ್ಕು ಕಿಲೋದ ಒಂದು ಕಾಯಿ. ಎಲೆಗೆ ಬೂದಿರೋಗ ಹತ್ತಿ ಬೆಳ್ಳಗಾದ ಮೇಲೆ ಅದರ ಬೆಳವಣಿಗೆಯೂ ನಿಂತಿತು. ಕೊಯ್ದ ಫೋಟೋ ವಾಟ್ಸಾಪ್ ಗುಂಪಿಗೆ ಬಿತ್ತು, ಹೆಬ್ಬೆರಳುಗಳ ಮಳೆಯಾಯಿತು, ಹೋಳು ಬೇಕೆಂದವರು ಒಬ್ಬರೂ ಇಲ್ಲ. ತಾಯಿ ಗೊಜ್ಜು ಮಾಡಿ ಊರಿಗೆ ಹೋದರು.

ಬಾಲ್ಕನಿ ಸಾಲದ್ದೇ ಸೋಲಿಗೆ ಮೂಲ ಅನ್ನುವುದು ಸಾಹೇಬರ ಪೋಸ್ಟ್‌ಮಾರ್ಟಮ್ ವರದಿ. ಬರುವ ವರ್ಷ ಬಳ್ಳಿ ಹಬ್ಬಿಸಲು ವಿಸಿಟರ್ ಪಾರ್ಕಿಂಗಿನಲ್ಲಿ ಎರಡು ಸ್ಲಾಟ್ ಬೇಕೆಂದು ಅಸೋಸಿಯೇಷನ್ನಿಗೆ ಮೇಲ್ ಹಾಕಿದ್ದಾರೆ. ಸೆಕ್ರೆಟರಿ ಒಪ್ಪುವ ಹಾಗಿದ್ದಾರೆ. ಗೇಟಿನಲ್ಲಿ ಎಂಟ್ರಿ ಮಾಡಿಸಲು ವಾಹನದ ನಂಬರ್ ಒಂದು ಕಳಿಸಿ ಅಂದಿದ್ದಾರೆ.