ಎಂಟೆಳೆಯ ಭಾವ

ನಮ್ಮ ಭಾವ ಮನೆಗೆ ಬಂದರೆ, ಚಪ್ಪಲಿ ಬಿಡುವ ಮೊದಲೇ ಕಣ್ಣು ಟಿ.ವಿ. ಹಿಂದಿನ ರೂಟರಿಗೆ ಹೋಗುತ್ತದೆ. "ಇದನ್ನ ಇಲ್ಲಿಂದ ಎತ್ತು ಅಂತ ಎಷ್ಟು ಸಲ ಹೇಳ್ಬೇಕೋ?" ಅಕ್ಕ ಕೊಟ್ಟು ಕಳಿಸಿದ ಚಕ್ಕುಲಿ ಡಬ್ಬ ಹೊರಬರುವುದು ಆಮೇಲೆ. ನಿವೃತ್ತರಾದ ಮೇಲೆ ಕೆಲವರು ತೀರ್ಥಯಾತ್ರೆ ಹಿಡಿಯುತ್ತಾರೆ, ಕೆಲವರು ಷೇರು ಹಿಡಿಯುತ್ತಾರೆ. ಭಾವ ಕೇಬಲ್ ಹಿಡಿದರು.

ಚೀಲದಲ್ಲಿ ಕ್ರಿಂಪಿಂಗ್ ಟೂಲ್, ಟೆಸ್ಟರ್, ಒಂದು ಹಿಡಿ ಆರ್‌ಜೆ-45 ಕನೆಕ್ಟರ್. ಮದುವೆಯ ದಿನ ಮರೆತರೂ "ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು" ಎಂಬ ಎಂಟೆಳೆಯ ಮಂತ್ರ ತಪ್ಪುವುದಿಲ್ಲ. ಅಡುಗೆಮನೆಯಲ್ಲಿ ಮೈಕ್ರೋವೇವ್ ಗುಂಯ್ ಎಂದರೆ ಮೈ ಉರಿ: ಅದೂ ವೈಫೈಯೂ 2.4 ಗಿಗಾಹರ್ಟ್ಸ್‌ನಲ್ಲೇ ಕಿತ್ತಾಡುತ್ತವೆ. "5ಕ್ಕೆ ಹೋಗೋಣ ಭಾವ" ಎಂದರೆ, "ಓಡುತ್ತೆ, ಗೋಡೆ ದಾಟಲ್ಲ" ಎಂದು ನಮ್ಮ ಮೈಸೂರಿನ ಹಳೇ ಮನೆಯ ಒಂದೂವರೆ ಅಡಿ ಗೋಡೆಯನ್ನು ಬಡಿದು ತೋರಿಸುತ್ತಾರೆ. ಸಾಲದ್ದಕ್ಕೆ, ನಮ್ಮ ನೆಟ್‌ವರ್ಕನ್ನು ತಮ್ಮ ಫೋನಿನಿಂದಲೇ ಕಾಯುತ್ತಾರೆ. ಬೆಳಿಗ್ಗೆ ಕರೆ: "ರಾತ್ರಿ ಒಂದೂವರೆವರೆಗೆ ಏನು ನೋಡ್ತಿದ್ಯೋ?"

ಕಳೆದ ದಸರಾದಲ್ಲಿ ನೆಟ್ ಸತ್ತಿತು. ಭಾವ ಬಂದರು. ರೂಟರನ್ನು ಆರಿಸಿ ಹಚ್ಚಿದರು. ಚಾನೆಲ್ 1ರಿಂದ 6ಕ್ಕೆ, 6ರಿಂದ 11ಕ್ಕೆ ಹಾರಿಸಿದರು; ಒಂದರ ಕಾಲನ್ನೊಂದು ತುಳಿಯದವು ಈ ಮೂರೇ ಅಂತೆ. ಪಕ್ಕದ ಮನೆಯವರನ್ನು ಅನುಮಾನಿಸಿದರು. ಇಲಿ ಕಡಿದಿದೆಯೇ ಎಂದು ಅಟ್ಟ ಹತ್ತಿ ಕೇಬಲ್ ತಡವಿದರು. ಎರಡು ದಿನ, ಒಂಬತ್ತು ಲೋಟ ಕಾಫಿ. ನೆಟ್‌ವರ್ಕ್ ಸ್ವಿಚ್ಚಿನ ಹಸಿರು ದೀಪಗಳು ಮಾತ್ರ ಸೀರಿಯಲ್ ಸೆಟ್ಟಿನಂತೆ ಒಟ್ಟೊಟ್ಟಿಗೆ ಕುಣಿಯುತ್ತಿದ್ದವು.

ಕೊನೆಗೆ ಭಾವ ಅವನ್ನೇ ದಿಟ್ಟಿಸಿ, ಒಂದು ಕೇಬಲನ್ನು ಬೆರಳಲ್ಲಿ ಹಿಡಿದು ಹೊರಟರು. ಅದು ಮೇಜಿನ ಹಿಂದೆ ಸುತ್ತಿ, ಅದೇ ಸ್ವಿಚ್ಚಿನ ಇನ್ನೊಂದು ತೂತಿಗೆ ಬಂದು ಕೂತಿತ್ತು. ಆಡಿದ ಮಾತೇ ಸುತ್ತಿ ಸುತ್ತಿ ಬಂದು, ಹೊಸ ಮಾತಿಗೆ ದಾರಿಯೇ ಇರಲಿಲ್ಲ. "ಯಾರು ಸಿಕ್ಕಿಸಿದ್ದು?" ಹೆಂಡತಿ ನನ್ನ ಕಡೆ ನೋಡಿದಳು. ಆಯುಧಪೂಜೆಗೆ ಧೂಳು ಹೊಡೆಯುವಾಗ ಒಂದು ತುದಿ ನೇತಾಡುತ್ತಿತ್ತು, ಒಂದು ತೂತು ಖಾಲಿ ಇತ್ತು. ನಾನು ಅಚ್ಚುಕಟ್ಟಿನ ಮನುಷ್ಯ.

ಭಾವ ಬೈಯಲಿಲ್ಲ. "ಲೂಪು ಕಣೇ, ಲೂಪು!" ಎಂದು ಮಗು ಹುಟ್ಟಿದ ಸುದ್ದಿಯಂತೆ ಅಕ್ಕನಿಗೆ ಫೋನ್ ಮಾಡಿದರು.

ಆಮೇಲೆ ಮೂರು ತಿಂಗಳು ನೆಟ್ ಕೆಮ್ಮಲೂ ಇಲ್ಲ, ಭಾವನೂ ಬರಲಿಲ್ಲ. ಕೆಟ್ಟಾಗ ಹತ್ತು ಸಲ ಕರೆದವರು ನಾವೇ, ನಡೆಯುತ್ತಿರುವಾಗ ಒಮ್ಮೆಯೂ ನೆನೆಯದವರೂ ನಾವೇ. ಮೊನ್ನೆ ಭಾನುವಾರ ಫೋನ್ ಮಾಡಿದೆ. "ಭಾವ, ನೆಟ್ ಯಾಕೋ ನಿಧಾನ."

ಅರೆಗಳಿಗೆ ಸುಮ್ಮನಿದ್ದರು. ಫೋನಿನಲ್ಲಿ ಏನನ್ನೋ ಒತ್ತಿ ನೋಡುತ್ತಿದ್ದರೆಂದು ಕಾಣುತ್ತದೆ.

"ಎಲ್ಲ ಸರಿಯಾಗೇ ಇದೆಯಲ್ಲೋ."

"..."

"ಇರ್ಲಿ, ಬಂದು ನೋಡ್ತೀನಿ. ಕಾಫಿಗೆ ನೀರಿಡು."