ಹೆಸರು ಬರೆಸಿ ಹೋಗಿ ಸಾರ್
ನನ್ನ ಬೀರುವಿನಲ್ಲಿ ಹದಿನೇಳು ವಾಚುಗಳಿವೆ. ರೋಲೆಕ್ಸ್ ಮಾತ್ರ ಇಲ್ಲ. ಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ. 1926ರಲ್ಲೇ ನೀರು ನುಗ್ಗದ ‘ಆಯ್‌ಸ್ಟರ್’ ತಂದವರೆಂಬ ಗೌರವವಿದೆ. ತಾರೀಖಿನ ಮೇಲೆ ಕೂತ ಆ ಪುಟ್ಟ ಭೂತಗನ್ನಡಿಯಂತೂ ಚಾಳೀಸು ಬಂದವರ ಪಾಲಿಗೆ ಪುಣ್ಯದ ಕೆಲಸ.

ಆದರೆ ಅಂಗಡಿಗೆ ಹೋದರೆ, ಹೆಣ್ಣು ನೋಡಲು ಬಂದ ಗಂಡನ್ನು ವಿಚಾರಿಸುವ ಹಾಗೆ ಊರು, ಕೆಲಸ ಎಲ್ಲ ಕೇಳಿ, ‘ಹೆಸರು ಬರೆಸಿ ಹೋಗಿ ಸಾರ್’ ಅಂದರು. ದುಡ್ಡೂ ನನ್ನದು, ಪರೀಕ್ಷೆಯೂ ನನಗೇ! ಸಿಕ್ಕಿತೆಂದೇ ಇಟ್ಟುಕೊಳ್ಳಿ, ಸಿಟಿ ಬಸ್ಸಿನಲ್ಲಿ ಕಟ್ಟಲು ಧೈರ್ಯವೆಲ್ಲಿದೆ? ಅಂಗಿಯ ತೋಳು ಇಳಿಬಿಟ್ಟು ಮುಚ್ಚಿಕೊಂಡರೆ ಕೊಂಡ ಸುಖವೆಲ್ಲಿ?

ಅಪ್ಪನ ಎಚ್‌ಎಂಟಿಗೆ ಬೆಳಿಗ್ಗೆ ಕೀ ಕೊಟ್ಟರೆ ಸಾಕು, ನೀನ್ಯಾರು ಅಂತ ಕೇಳದೆ ಓಡುತ್ತದೆ.

ಹೆಸರೇನೋ ಬರೆಸಿ ಬಂದಿದ್ದೇನೆ. ದಯವಿಟ್ಟು ನಮ್ಮ ಮನೆಯವಳಿಗೆ ಹೇಳಬೇಡಿ.